ಎರಡು ಹನಿ ಎಣ್ಣೆ

ಎಣ್ಣೆಯ ಬಟ್ಟಲು ಹಿತ್ತಾಳೆಯದೋ ಸ್ಟೀಲಿನದೋ, ಈಗ ಖಚಿತವಿಲ್ಲ. ಯಾವ ಮಾತನ್ನು ಯಾರು ಆಡಿದರು ಎಂಬುದನ್ನೂ ನನ್ನ ನೆನಪು ತನಗೆ ಅನುಕೂಲವಾಗುವಂತೆ ಹಂಚಿಟ್ಟಿರಬಹುದು. ಮಗಳ ಉಸಿರಿನ ಸದ್ದೊಂದು ಮಾತ್ರ ಸರಿಯಾಗಿ ನೆನಪಿದೆ. ನಿದ್ದೆಯಲ್ಲೂ ಸುಂಯ್ ಎನ್ನುತ್ತಿತ್ತು.

ಬಾಣಂತನಕ್ಕೆಂದು ರಾಣೆಬೆನ್ನೂರಿನ ತವರಿನಲ್ಲಿದ್ದೆ. ಮಾವನವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಮೊಮ್ಮಗಳನ್ನು ನೋಡಲು ಬಂದಾಗಲೆಲ್ಲ ಅವರ ಅಂಗಿಯ ಜೊತೆ ಘಾಟೂ ಒಳಗೆ ಬರುತ್ತಿತ್ತು. ಯಾವ ಔಷಧಕ್ಕೂ ಸದ್ದು ಬಗ್ಗದಿದ್ದಾಗ ಅವ್ವ ಕಾರಣ ಹೇಳಿಬಿಟ್ಟಳು: “ಬ್ಯಾಡಗಿ ಘಾಟು ಕೂಸಿನ ಎದಿಯಾಗ ಕುಂತೈತಿ.”

ವಿಜ್ಞಾನ ಓದಿದ ನಾನು ಅದನ್ನೇ ‘ಅಲರ್ಜಿ’ ಎಂದು ಒಪ್ಪಿಕೊಂಡೆ.

ಮುಂದಿನ ಸಲ ಬಂದ ಮಾವ ಹೊಸ್ತಿಲಾಚೆಯೇ ಕೂತರು. “ನಾ ಮನಶ್ಯಾ ಅಲ್ಲ ಬಿಡವಾ, ಮೆಣಸಿನಕಾಯಿ ಚೀಲ. ಇಲ್ಲಿಂದನ ನೋಡ್ತೀನಿ” ಎಂದು ನಕ್ಕರು. ನಾನು ಒಳಗೆ ಬರ್ರಿ ಅನ್ನಲಿಲ್ಲ. ಆಮೇಲೆ ಅವರು ಬರುವುದನ್ನೇ ಬಿಟ್ಟರು.

ಊರಿನ ಡಾಕ್ಟರು “ಮನಿ ಔಷಧ ಏನರ ಹಾಕ್ತೀರೇನ್ರಿ?” ಎಂದಾಗ ಇಲ್ಲ ಎಂದಿದ್ದೆ. ಹಾವೇರಿಯ ಮಕ್ಕಳ ಡಾಕ್ಟರು ಎಕ್ಸ್‌ರೇಯನ್ನು ಬಹಳ ಹೊತ್ತು ನೋಡಿ ಬೇರೆ ಥರ ಕೇಳಿದರು.

“ಕೂಸಿಗೆ ಎರಿಯೋಮುಂದ ಮೂಗಿಗೆ ಏನ್ ಬಿಡ್ತೀರವಾ?”

“ಎಣ್ಣಿರಿ. ಎಲ್ಲಾರೂ ಬಿಡ್ತಾರಲ್ರಿ.”

ಹೇಳುತ್ತಲೇ ಊರಿನ ಡಾಕ್ಟರಿಗೆ ‘ಇಲ್ಲ’ ಎಂದಿದ್ದು ನೆನಪಾಯಿತು. ನಮ್ಮ ಪಾಲಿಗೆ ಅದು ಔಷಧವಾಗಿರಲಿಲ್ಲ, ಕೂಸಿಗೆ ನೀರು ಎರೆಯುವುದರಲ್ಲೇ ಸೇರಿತ್ತು. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದಿರಬೇಕು ಎಂದರು ಡಾಕ್ಟರು. ಹುಬ್ಬಳ್ಳಿಯ ಪರೀಕ್ಷೆಯಲ್ಲಿ ಅದೇ ನಿಜವಾಯಿತು. ಎಣ್ಣೆ ನಿಲ್ಲಿಸಿದೆವು. ಸದ್ದು ಹೋಗಲು ಬಹಳ ಕಾಲ ಹಿಡಿಯಿತು.

ಮಾವ ಈಗ ಮೊಮ್ಮಗಳನ್ನು ಎತ್ತಿಕೊಳ್ಳುತ್ತಾರೆ, ಆದರೆ ಅಂಗಿ ಬದಲಿಸಿದ ಮೇಲೆಯೇ. ಬೇಡವೆಂದರೂ ಕೇಳುವುದಿಲ್ಲ.

ಎಣ್ಣೆ ಬಿಟ್ಟದ್ದು ಅವ್ವ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ನಿಜವೇ. ಆದರೆ ಸದ್ದು ಜೋರಾಗಿದ್ದ ಒಂದು ಬೆಳಗ್ಗೆ ಮಗುವಿನ ತಲೆಯನ್ನು ಹಿಂದಕ್ಕೆ ಬಾಗಿಸಿ ಹಿಡಿದಿದ್ದವಳು ನಾನು. ‘ಮೂಗು ಕಟ್ಟೈತಿ, ಇನ್ನೆರಡು ಹನಿ...’ ಎಂಬಷ್ಟು ಮಾತು ಕಿವಿಯಲ್ಲಿ ಉಳಿದಿದೆ. ಮಾತಿನ ಕೊನೆ ಮಾತ್ರ ಒಂದೊಂದು ದಿನ ಒಂದೊಂದು ಥರ ಕೇಳಿಸುತ್ತದೆ. ಮೊನ್ನೆ ಅವ್ವ ಮೊಮ್ಮಗಳ ತಲೆ ಬಾಚುತ್ತಿದ್ದಾಗ ಕೇಳಿಯೇಬಿಟ್ಟೆ. ಅವಳು ಬೈತಲೆ ತೆಗೆದದ್ದನ್ನೇ ಮತ್ತೆ ತೆಗೆದಳು. ನಾನು ಕೇಳಿದ್ದು ಇಷ್ಟೇ:

“ಅವ್ವಾ, ಅವತ್ತ ನೀ ‘ಬಿಡ್ತೀನಿ’ ಅಂದ್ಯೋ, ನಾ ‘ಬಿಡು’ ಅಂದ್ನೋ?”