ಮೇಸ್ತ್ರಿಯ ಫೋನ್ ನಂಬರು

ಮಸರಕಲ್ಲಿನ ಹುಲಗೆಮ್ಮನಿಗೆ ಸುಳ್ಳು ಕಟ್ಟಿ ಹೇಳಲು ಬರುವುದಿಲ್ಲ. ಮೂವತ್ತು ದಾಟುವವರೆಗೆ ಹತ್ತಿ ಹೊಲದಲ್ಲಿ ಕಳೆ ಕಿತ್ತು, ಆಮೇಲೆ ಅಕ್ಷರ ಕಲಿತು, ಒಂಬತ್ತು ವರ್ಷದಿಂದ ಕೂಲಿ ಹೆಣ್ಣುಮಕ್ಕಳ ಒಕ್ಕೂಟದ ಕಾರ್ಯಕರ್ತೆಯಾಗಿದ್ದಾಳೆ. ದೇವದುರ್ಗ, ಮಾನ್ವಿ ತಾಲೂಕುಗಳ ಓಣಿಗಳಲ್ಲಿ ಅವಳು ಹತ್ತದ ಮೆಟ್ಟಿಲಿಲ್ಲ. ಹೊಲದ ಬದುವಿನ ಮೇಲೆ ಕೂತು ಹೆಂಗಸರ ಕಷ್ಟ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ಅವಳ ಕೆಲಸ. ಆ ಬುಕ್ಕಿನ ಮುಂದೆ ಯಾವ ಕಂಪ್ಯೂಟರೂ ಇಲ್ಲ ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಬೇಕು.

ಒಕ್ಕೂಟಕ್ಕೆ ಹೊಸ ವೆಬ್‌ಸೈಟ್ ಆಗಿತ್ತು. ಮರುದಿನ ಉದ್ಘಾಟನೆ. ಅದನ್ನು ತಯಾರಿಸಿದ ಕಾವ್ಯಾ ರಾಯಚೂರಿನ ಆಫೀಸಿಗೆ ಹುಲಗೆಮ್ಮನನ್ನು ಕರೆಸಿ, ಲ್ಯಾಪ್‌ಟಾಪ್ ಮುಂದೆ ಕೂರಿಸಿದಳು.

"ನಾ ಏನೂ ಹೇಳಂಗಿಲ್ಲ ಅಕ್ಕಾ. ಹೊಲದಾಗಿನ ಹೆಣ್ಮಗಳು ಹೆಂಗ ದೂರು ಕೊಡ್ತಾಳ, ಹಂಗ ನೀವು ತುಂಬ್ರಿ. ಎಲ್ಲಿ ತಡವರಸ್ತೀರಿ, ಅದನ್ನ ಬರ್ಕೊಂತೀನಿ."

"ಅಕ್ಷರ ಯಾಕವ್ವಾ ಹಿಂಗ ಉಪವಾಸ ಬಿದ್ದಂಗ ಅದಾವ?" ಎಂದು ಹುಲಗೆಮ್ಮ ಕಣ್ಣು ಕಿರಿದು ಮಾಡಿದಳು. ಕಾವ್ಯಾ ನಗುತ್ತ ಬರೆದುಕೊಂಡಳು.

ದೂರಿನ ಫಾರಂ ತೆರೆಯಿತು. ಇಲ್ಲದ ದೂರು ಬರೆಯುವುದು ಹುಲಗೆಮ್ಮನಿಂದ ಆಗದ ಮಾತು. ನೋಟ್‌ಬುಕ್ ತೆಗೆದು ಹಿಂದಿನ ದಿನದ್ದನ್ನೇ ನೋಡಿ ತುಂಬಿದಳು. ಹೆಸರು, ಗದ್ದೆಮ್ಮ. ಊರು, ಮಲ್ಲಟ. ದೂರು, ಕೂಲಿ ಗುಂಪಿನ ಮೇಸ್ತ್ರಿ ಹುಸೇನಪ್ಪ ಗಾಡಿ ಹತ್ತಿಸುವ ನೆಪದಲ್ಲಿ ಹೆಂಗಸರ ಮೈ ಮುಟ್ಟುತ್ತಾನೆ. ಮೊಬೈಲ್ ನಂಬರಿಲ್ಲದೆ ಫಾರಂ ಮುಂದೆ ಹೋಗಲೊಲ್ಲದು. ಬುಕ್ಕಿನಲ್ಲಿ ಗದ್ದೆಮ್ಮನ ಹೆಸರಿನ ಪಕ್ಕ ಇದ್ದ ನಂಬರನ್ನೇ ಹಾಕಿ ಒತ್ತಿದಳು.

'ನಿಮ್ಮ ದೂರು ದಾಖಲಾಗಿದೆ. ವಿವರವನ್ನು ನಿಮ್ಮ ಮೊಬೈಲಿಗೆ ಕಳುಹಿಸಲಾಗಿದೆ.'

"ಆರೇ ನಿಮಿಷ!" ಎಂದು ಕಾವ್ಯಾ ಚಪ್ಪಾಳೆ ತಟ್ಟಿದಳು.

ಹುಲಗೆಮ್ಮ ಬುಕ್ಕಿನಲ್ಲಿದ್ದ ನಂಬರನ್ನು ಮತ್ತೊಮ್ಮೆ ನೋಡಿದಳು. "ಖರೇನ ಹೋತೇನು ಇದು?"

"ಹೌದಕ್ಕಾ. ನಾಳೆ ಉದ್ಘಾಟನೆ ಅದ ಅಲ್ಲ, ಎಲ್ಲಾ ಚಾಲೂ ಮಾಡೀನಿ. ಯಾಕ?"

"ಅದು ಮೇಸ್ತ್ರಿ ನಂಬರ್ ಅದ!"

ಆ ಗುಂಪಿನ ಹದಿನಾಲ್ಕು ಹೆಂಗಸರ ನಡುವೆ ಫೋನ್ ಇದ್ದದ್ದು ಒಂದೇ, ಮೇಸ್ತ್ರಿಯದು. ರೇಷನ್ ಕಾರ್ಡಿಗೂ ಬ್ಯಾಂಕಿಗೂ ಎಲ್ಲರೂ ಕೊಡುವುದು ಅದೇ ನಂಬರು. ಯಾರಿಗೆ ಕರೆ ಬಂದರೂ ಅವನೇ ಕೂಗಿ ಕೊಡಬೇಕು. ಇದು ಕಾವ್ಯಾಗೆ ಗೊತ್ತಿರಲಿಲ್ಲ. ಹುಲಗೆಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ರೂಢಿಯ ಕೈ ಬರೆದುಬಿಟ್ಟಿತ್ತು, ಆ ತಪ್ಪಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಇಲ್ಲಿ ಹೋಗುವುದು ಗದ್ದೆಮ್ಮನ ಕೂಲಿ ಮತ್ತು ಮಾನ.

ಕೂಡಲೇ ಆ ನಂಬರಿಗೆ ಕರೆ ಮಾಡಿದಳು.

"ಯಾರು?" ಹುಸೇನಪ್ಪನ ದನಿ.

"ಒಕ್ಕೂಟದ ಹುಲಗೆಮ್ಮರೀ. ಗದ್ದೆಮ್ಮಗ ಜರಾ ಕೊಡ್ರಿ, ರೇಷನ್ ಕಾರ್ಡಿಂದು ಮಾತಾಡೋದದ."

"ಈಗ ಏನೋ ಮೆಸೇಜ್ ಬಂದಂಗಾತು. ಅದೇನಾ? ತಡಿ, ನೋಡ್ತೀನಿ."

"ನೋಡಬ್ಯಾಡ್ರಿ!" ಎನ್ನಲು ಹೋಗಿ ಮಾತು ತಿರುಗಿಸಿದಳು. "ಲಗೂ ಕೊಡ್ರಿ ಯಪ್ಪಾ, ನನ್ನ ಬಸ್ ಬರಾಕತ್ತದ."

ಅವನು ಗೊಣಗಿದ. "ಏ ಗದ್ದೆಮ್ಮಾ, ಬಾರಬೇ!" ಎಂಬ ಕೂಗು ಕೇಳಿತು. ಹೊಲ ದಾಟಿ ಬರಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೋ, ಹುಲಗೆಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದಳು.

"ಯಕ್ಕಾ, ಅಂವ ಬಾಜೂಕ ಅದಾನೇನು?" ಎಂದು ಹುಲಗೆಮ್ಮ ಕೇಳಿದಳು.

"ಹ್ಞೂಂ."

"ನೀ ಬರೀ ಹ್ಞೂಂ ಅನ್ನು. ನೀ ಹೇಳಿದ್ದೆಲ್ಲಾ ನಮ್ಮ ಆಫೀಸಿನ ಕಂಪ್ಯೂಟರಿಗೆ ಹಾಕಿದ್ದೆ, ಅದು ಆ ಫೋನಿಗೆ ಬಂದದ. ತಪ್ಪು ನಂದು. ಅಳಸಬೇಕು. ಕೆಂಪು ಗುಂಡಿ ಮುಟ್ಟಬ್ಯಾಡ. ಕೆಳಗ ನಡುವಿನ ಗುಂಡಿ ಒತ್ತಿ, ಲಕೋಟಿ ಚಿತ್ರ ಹುಡುಕು."

ಗದ್ದೆಮ್ಮನಿಗೆ ಓದು ಬಾರದು. ಫೋನ್ ಕೆಳಗಿಳಿಸಿದ ಸದ್ದು, ಮತ್ತೆ ಕಿವಿಗೆ ಬಂದ ಸದ್ದು.

"ಸಿಕ್ಕತು."

"ಎಲ್ಲಾಕ್ಕಿಂತ ಮ್ಯಾಲಿನ ಸಾಲಿನ ಮ್ಯಾಲೆ ಬಟ್ಟು ಇಟ್ಟು ತಗೀಬ್ಯಾಡ. ಕಸದ ಡಬ್ಬಿ ಚಿತ್ರ ಬರ್ತದ, ಅದನ್ನ ಒತ್ತು. ಮತ್ತ ಕೇಳಿದ್ರ ಬಲಕಿಂದು ಒತ್ತು."

ಹತ್ತಿ ಬಿಡಿಸಿ ಬಿಡಿಸಿ ಒರಟಾದ ಬೆರಳಿಗೆ ಪರದೆ ಸ್ಪಂದಿಸಲಿಲ್ಲವೇನೋ. ಹಿಂದಿನಿಂದ ಹುಸೇನಪ್ಪ, "ಎಷ್ಟೊತ್ತಬೇ, ಏನ್ ತಿಕ್ಕಾಕತ್ತೀ ಅದನ್ನ?" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಕಾವ್ಯಾ ಹುಲಗೆಮ್ಮನ ಸೆರಗನ್ನು ಬಿಗಿಯಾಗಿ ಹಿಡಿದಿದ್ದಳು.

"ಬೆವರು ಹತ್ತೇದ ಯಪ್ಪಾ, ಒರಸಾಕತ್ತೀನಿ," ಎಂದಳು ಗದ್ದೆಮ್ಮ. ಆಮೇಲೆ ಫೋನಿನಲ್ಲಿ, "ಹೋತವ್ವಾ. ಎಲ್ಲಾ ಹೋತು."

ಹುಲಗೆಮ್ಮ ಅತ್ತೇಬಿಟ್ಟಳು. ಆ ಕಡೆ, ಮೇಸ್ತ್ರಿಯಿಂದ ದೂರ ನಾಲ್ಕು ಹೆಜ್ಜೆ ನಡೆದ ಸಪ್ಪಳವಾಯಿತು. ಗದ್ದೆಮ್ಮ ದನಿ ತಗ್ಗಿಸಿದಳು.

"ನಾ ನಿನಗಷ್ಟ ಹೇಳಿದ್ದೆ ಹುಲಗೆಮ್ಮಾ. ಬರಿ ಅಂದಿದ್ದಿಲ್ಲ. ಈ ಫೋನಿನ್ಯಾಗಿಂದು ನಾ ಅಳಿಸಿದೆ. ನಿಮ್ಮ ಆಫೀಸಿನ್ಯಾಗ ನನ್ನ ಹೆಸರು ಕುಂತದಲ್ಲ, ಅದನ್ನ ಅಳಸಾಕ ನಾ ಎಲ್ಲಿ ಒತ್ತಬೇಕು?"

ಹುಲಗೆಮ್ಮ ಪರದೆಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. ಫೋನಿಗೆ ಕಿವಿಗೊಟ್ಟಿದ್ದ ಕಾವ್ಯಾ ತಲೆ ತಗ್ಗಿಸಿದಳು. ಅಂಥ ಗುಂಡಿ ಅದರಲ್ಲಿ ಎಲ್ಲೂ ಇರಲಿಲ್ಲ.