ಮೆಟ್ಟಿಲ ಗೋಡೆಯ ಹನ್ನೆರಡನೆಯ ಚಿತ್ರ

ಚಿತ್ರ ಬರೆಯುವವರಿಗೆ ಹೆಸರಿದೆ, ಚಿತ್ರವನ್ನು ಕುರಿತು ಬರೆಯುವವರಿಗೂ ಹೆಸರಿದೆ. ಆ ಚಿತ್ರದ ಛಾಯಾಚಿತ್ರ ತೆಗೆದವರ ಹೆಸರು ಮಾತ್ರ ಪುಸ್ತಕದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಮೂವತ್ತನಾಲ್ಕು ವರ್ಷ ಆ ಸಣ್ಣ ಅಕ್ಷರಗಳಲ್ಲೇ ಇದ್ದುಬಿಟ್ಟ ಶ್ರೀ ಸಿದ್ದಯ್ಯನವರು ಈ ತಿಂಗಳು ಹಾಸನದ ನಮ್ಮ ಚಿತ್ರ ದಾಖಲೆ ಕೇಂದ್ರದಿಂದ ನಿವೃತ್ತರಾಗುತ್ತಿದ್ದಾರೆ. ಜಿಲ್ಲೆಯ ಮನೆ, ಮಠ, ಮಂಟಪಗಳ ಗೋಡೆಗಳ ಮೇಲಿದ್ದ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಇಂದು ಅಂಚು ಓರೆಯಾಗದೆ, ಅಳತೆ ತಪ್ಪದೆ ನಮ್ಮ ಕಪಾಟುಗಳಲ್ಲಿ ಉಳಿದಿದ್ದರೆ ಅದು ಅವರೊಬ್ಬರ ದುಡಿಮೆ. ಆ ಗೋಡೆಗಳಲ್ಲಿ ಅನೇಕವು ಈಗಿಲ್ಲ.

ಅವರ ಈ ಅಭಿನಂದನ ಸಂಪುಟಕ್ಕೆ ಸಂತೋಷದ ಲೇಖನವೊಂದನ್ನು ಬರೆಯಬೇಕೆಂದು ಅವರ ಅನುಮತಿ ಕೇಳಲು ಹೋದೆ. ಅವರು, "ಹೆಗ್ಗದ್ದೆ ವಿಷಯ ಬರೀದಿದ್ರೆ ಬೇರೆ ಏನೂ ಬರೀಬ್ಯಾಡ ಕಣಮ್ಮ" ಎಂದರು. ಆದ್ದರಿಂದ ಇದು ಅವರ ಅಪ್ಪಣೆಯ ಮೇರೆಗೆ ಬರೆದ ಲೇಖನ.

ಆಲೂರು ತಾಲ್ಲೂಕಿನ ಪಾಳ್ಯದ ಸಣ್ಣ ರೈತ ಕುಟುಂಬದಲ್ಲಿ ಹುಟ್ಟಿದ ಸಿದ್ದಯ್ಯನವರು ಇಪ್ಪತ್ತಾರನೆಯ ವಯಸ್ಸಿನಲ್ಲಿ ಕೇಂದ್ರಕ್ಕೆ ಸೇರಿದರು. ಅವರು ಹೋಗುವ ಕಡೆಗೆಲ್ಲ ಅಂಗೈಯಗಲದ ಒಂದು ಕನ್ನಡಿ ಹೋಗುತ್ತಿತ್ತು. ಅದನ್ನು ಚಿತ್ರದ ನಟ್ಟನಡುವೆ ಗೋಡೆಗೆ ಒತ್ತಿಹಿಡಿದು, ಕ್ಯಾಮೆರಾದೊಳಗಿಂದ ನೋಡಿದರೆ ಕನ್ನಡಿಯಲ್ಲಿ ಅದೇ ಕ್ಯಾಮೆರಾದ ಕಣ್ಣು ಸರಿಯಾಗಿ ಮಧ್ಯಕ್ಕೆ ಕಾಣಬೇಕು. ಕೂದಲೆಳೆಯಷ್ಟು ಸರಿದರೂ ಕ್ಯಾಮೆರಾ ವಾಲಿದೆ ಎಂದರ್ಥ, ವಾಲಿದರೆ ಚೌಕದ ಒಂದು ಬದಿ ಕಿರಿದಾಗಿ ಚಿತ್ರದ ಅಳತೆ ಸುಳ್ಳಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕೆ. ಹೊಸಕೋಟೆಯ ಮನೆಯೊಂದರಲ್ಲಿ ಅರ್ಧ ದಿನ ಆ ಕನ್ನಡಿಯೊಡನೆ ಹೆಣಗಿ ಕಣ್ಣೀರು ಹಾಕಿದಾಗ ಅವರು ಗದರಲಿಲ್ಲ. ತಮ್ಮ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟು, ನಾನು ತಿಂದು ಮುಗಿಸುವವರೆಗೂ ಕ್ಯಾಮೆರಾ ಸ್ಟ್ಯಾಂಡಿನ ಕಾಲುಗಳನ್ನು ತಾವೇ ಸರಿಪಡಿಸುತ್ತ, "ಕ್ಯಾಮೆರಾಗೆ ದಯೆ ಇಲ್ಲ, ನೀನು ಅದಕ್ಕೆ ನಿಧಾನ ಕಲಿಸ್ಬೇಕು" ಎಂದಿದ್ದರು. ಮರುವರ್ಷ ಕೇಂದ್ರದ ಪುಸ್ತಕದಲ್ಲಿ ನಾನು ತೆಗೆದ ಏಳು ಚಿತ್ರಗಳೂ ಅವರ ಹೆಸರಿನಲ್ಲೇ ಅಚ್ಚಾಗಲಿದ್ದಾಗ ಅಚ್ಚುಕೂಟಕ್ಕೆ ಸ್ವತಃ ಹೋಗಿ ಹೆಸರು ತಿದ್ದಿಸಿ ಬಂದರು. ಈ ಸಂಗತಿ ನನಗೆ ತಿಳಿದದ್ದು ಅಚ್ಚುಕೂಟದವರಿಂದ.

೨೦೧೯ರ ಆಗಸ್ಟ್ ತಿಂಗಳ ಮೊದಲ ವಾರ ನಾವಿಬ್ಬರೂ ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿಗೆ ಹೋದೆವು. ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಶಿವಯ್ಯ ಎಂಬವರು ತಮ್ಮ ಬಿಡುವಿನ ಭಾನುವಾರಗಳಲ್ಲಿ ಕಾಫಿ ತುಂಬಿಡುವ ಹಳೆಯ ಸ್ಟೋರಿನ ಒಳಗೋಡೆಗಳ ಮೇಲೆ ಕೂಲಿ ಲೈನಿನ ಜನರ ಹನ್ನೆರಡು ಚಿತ್ರಗಳನ್ನು ಆಳೆತ್ತರಕ್ಕೆ ಬರೆದಿದ್ದರು. ಶಿವಯ್ಯ ತೀರಿಕೊಂಡು ಹತ್ತು ವರ್ಷವಾಗಿತ್ತು. ಸ್ಟೋರು ಬಿರುಕು ಬಿಟ್ಟಿದೆ, ಬೇಗ ಬನ್ನಿ ಎಂದು ಕೇಂದ್ರಕ್ಕೆ ಕಾಗದ ಬರೆಸಿದ್ದವರು ಅವರ ಹೆಂಡತಿ ಗುರುಶಾಂತಮ್ಮ.

ಆಕೆ ನಮ್ಮನ್ನು ನೇರವಾಗಿ ಅಟ್ಟದ ಮೆಟ್ಟಿಲ ಬಳಿಗೆ ಕರೆದೊಯ್ದರು. ಅಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ಬೆನ್ನಿಗೆ ಕಾಫಿ ಹಣ್ಣಿನ ಚೀಲ ಕಟ್ಟಿಕೊಂಡು, ಯಾರೋ ಕರೆದಂತೆ ತಿರುಗಿ ನೋಡುತ್ತಿದ್ದಳು.

"ನಮ್ ವಾಣಿ ಕಣ್ರೀ. ಜ್ವರ ಬಂದು ಮೂರೇ ದಿನಕ್ಕೆ ಹೋಗ್ಬುಟ್ಲು. ಇದ್ದ ಒಂದು ಫೋಟೋನ ಅವಳ ಜೊತೇಲೇ ಮಣ್ಣಿಗೆ ಇಟ್ಬುಟ್ರು ಅವಳಪ್ಪ. ಆಮೇಲೆ ಇದನ್ನ ಬರುದ್ರು. ಮಿಕ್ಕಿದ್ದು ಹೆಂಗಾದ್ರೂ ಆಗ್ಲಿ, ಇದನ್ನ ಮೊದ್ಲು ತೆಗೀರಿ."

ಸಿದ್ದಯ್ಯನವರು ಕನ್ನಡಿ ಹಿಡಿದು ನೋಡಿದರು. ಮೆಟ್ಟಿಲಿನ ಅಗಲ ಮೂರಡಿ. ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತರೂ ಹುಡುಗಿಯ ಮುಖದಷ್ಟೇ ಕ್ಯಾಮೆರಾಗೆ ಸಿಗುತ್ತಿತ್ತು. ಕೆಳಗಿನಿಂದ ತೆಗೆದರೆ ಕಾಲು ದೊಡ್ಡದಾಗಿ ತಲೆ ಕಿರಿದಾಗುತ್ತಿತ್ತು. ಬಿದಿರಿನ ಅಟ್ಟಣಿಗೆ ಕಟ್ಟಿ, ತುಂಡು ತುಂಡಾಗಿ ನೇರಕ್ಕೆ ತೆಗೆದು, ಆಮೇಲೆ ಜೋಡಿಸುವುದೊಂದೇ ದಾರಿ ಎಂದು ತೀರ್ಮಾನಿಸಿದರು.

"ಇವಳನ್ನ ಓರೆಯಾಗಿ ತೆಗೆದುಕೊಟ್ರೆ ನಿಮಗೆ ಮೋಸ ಮಾಡ್ದಂಗೆ ಆಗ್ತೈತಮ್ಮ. ಸೋಮವಾರ ಬಿದಿರು ತರಿಸಿ ಸರಿಯಾಗಿ ತೆಗೀತೀನಿ."

ಗುರುಶಾಂತಮ್ಮ ಒಪ್ಪಿದರು. ಆ ಶುಕ್ರವಾರ, ಶನಿವಾರ ಎರಡು ದಿನಗಳಲ್ಲಿ ಉಳಿದ ಹನ್ನೊಂದು ಚಿತ್ರಗಳು ಮುಗಿದವು. ಅವು ನಮ್ಮ ಕೇಂದ್ರದ ಅತ್ಯುತ್ತಮ ಪ್ರತಿಗಳೆಂದು ಬಲ್ಲವರು ಹೇಳುತ್ತಾರೆ. ಶನಿವಾರ ಸಂಜೆ ಹಾಸನಕ್ಕೆ ಮರಳಲು ಸಾಮಾನು ಕಟ್ಟುವಾಗ ನಾನು ಮೆಟ್ಟಿಲ ಕೆಳಗೆ ನಿಂತು ನನ್ನ ಫೋನಿನಲ್ಲಿ ವಾಣಿಯ ಚಿತ್ರವನ್ನು ಒಮ್ಮೆ ತೆಗೆದುಕೊಂಡೆ. ಕೆಲಸದ ಜಾಗದಲ್ಲಿ ಫೋನಿನಿಂದ ಚಿತ್ರ ತೆಗೆಯುವುದನ್ನು ಅವರು ನಿಷೇಧಿಸಿದ್ದರು. ಆದ್ದರಿಂದ ಕದ್ದು ತೆಗೆದೆ.

ರಾತ್ರಿಯಿಡೀ ಸುರಿದ ಮಳೆಗೆ ಭಾನುವಾರ ಮಧ್ಯಾಹ್ನ ಸ್ಟೋರಿನ ಹಿಂದಿನ ಗುಡ್ಡ ಜಾರಿತು. ಜನರನ್ನು ಬೆಳಿಗ್ಗೆಯೇ ಶಾಲೆಗೆ ಸ್ಥಳಾಂತರಿಸಿದ್ದರಿಂದ ಯಾರಿಗೂ ಅಪಾಯವಾಗಲಿಲ್ಲ. ಸ್ಟೋರಿನ ಒಂದು ಗೋಡೆಯೂ ನಿಲ್ಲಲಿಲ್ಲ.

ರಸ್ತೆ ತೆರೆದ ಮೇಲೆ ನಾವು ಹೋದಾಗ ಗುರುಶಾಂತಮ್ಮ ಕೆಸರಿನ ರಾಶಿಯ ಅಂಚಿನಲ್ಲಿ ಕಲ್ಲಿನ ಮೇಲೆ ಕುಳಿತಿದ್ದರು. ಸಿದ್ದಯ್ಯನವರು ಅವರೆದುರು ಕೈ ಕಟ್ಟಿ ನಿಂತರು.

"ನೀವು ಮೊದ್ಲೇ ಹೇಳಿದ್ರಿ, ನಾನು ಕೇಳ್ಲಿಲ್ಲ" ಎಂದರು.

ಆಕೆ ತಲೆಯೆತ್ತದೆ, "ಸೋಮವಾರ ಅಂದಿದ್ರಿ" ಎಂದಷ್ಟೇ ಹೇಳಿದರು.

ಆ ಕ್ಷಣದಲ್ಲಿ ನನ್ನ ಚೀಲದಲ್ಲಿ ಫೋನಿತ್ತು, ನಾನು ಬಾಯಿ ಬಿಡಲಿಲ್ಲ. ಆ ಓರೆ ಚಿತ್ರವನ್ನು ತೋರಿಸಿದರೆ ಅವರ ನಿಯಮ ಮುರಿದದ್ದು ಬಯಲಾಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಅವರು ಮಾಡಲಾಗದ್ದನ್ನು ನಾನು ಮಾಡಿದ್ದೇನೆಂದು ಆ ತಾಯಿಯ ಎದುರಿಗೇ ಹೇಳಿದಂತಾಗುತ್ತದೆ ಎಂಬ ಸಂಕೋಚ ಇನ್ನೊಂದು ಕಡೆ. ನಲವತ್ತು ದಿನ ಬಚ್ಚಿಟ್ಟೆ. ಆ ದಿನಗಳಲ್ಲಿ ಅವರು ಕಚೇರಿಗೆ ಬಂದು ಸುಮ್ಮನೆ ಕೂರುತ್ತಿದ್ದರು, ಊಟದ ಡಬ್ಬಿ ತೆರೆಯದೆ ವಾಪಸು ಒಯ್ಯುತ್ತಿದ್ದರು. ಕೇಂದ್ರದ ವರದಿಯಲ್ಲಿ ಹನ್ನೆರಡನೆಯ ಚಿತ್ರದ ಎದುರು "ಭೂಕುಸಿತದಿಂದ ನಷ್ಟ" ಎಂದು ಬರೆದಿತ್ತು. ಅವರು ಅದನ್ನು ಹೊಡೆದುಹಾಕಿ "ಛಾಯಾಗ್ರಾಹಕನ ವಿಳಂಬದಿಂದ ನಷ್ಟ" ಎಂದು ತಿದ್ದಿದರು. ಹಾಗೆ ಬರೆದರೆ ವಿಚಾರಣೆಯಾಗುತ್ತದೆ, ಬಡ್ತಿ ನಿಲ್ಲುತ್ತದೆ ಎಂದು ಮೇಲಿನವರು ತಿಳಿಹೇಳಿದರೂ ಅಕ್ಷರ ಬದಲಿಸಲಿಲ್ಲ. ವಿಚಾರಣೆಯೂ ಆಯಿತು, ಬಡ್ತಿಯೂ ನಿಂತಿತು.

ಅವರು ತಿದ್ದಿದ ಆ ವರದಿ ನೋಡಿದ ದಿನ ನಾನು ಫೋನನ್ನು ಅವರ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಯಾವತ್ತು ತೆಗೆದಿದ್ದು?"

"ಶನಿವಾರ, ಸಾರ್."

"ಇಷ್ಟು ದಿನ ನಿನ್ನ ಹತ್ರಾನೇ ಇತ್ತಾ?"

ನಾನು ಹೌದೆಂದು ತಲೆಯಾಡಿಸಿದೆ. "ನನಗೆ ಹೆದರ್ಕೊಂಡು ಬಚ್ಚಿಟ್ಟೆ. ಅದೂ ನನ್ನ ತಪ್ಪೇ" ಎಂದು ಅವರು ಮುಖ ತಿರುಗಿಸಿದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದಿನ ಮೂರು ವಾರ ಅವರು ಕಂಪ್ಯೂಟರಿನ ಮುಂದೆ ಕುಳಿತು ಆ ಚಿತ್ರವನ್ನು ನೇರ ಮಾಡಿದರು. ಓರೆಯಾಗಿದ್ದ ಅಂಚು ನೇರವಾಯಿತು, ಕಾಲು ತನ್ನ ಅಳತೆಗೆ ಬಂತು. ಆದರೆ ದೂರದಲ್ಲಿದ್ದ ಮುಖವನ್ನು ಹಿಗ್ಗಿಸಿದಂತೆಲ್ಲ ಅದು ಮಸುಕಾಯಿತು. ಹಣೆಯ ಮೇಲ್ಭಾಗವಂತೂ ಅಟ್ಟದ ತೊಲೆಯ ಮರೆಯಲ್ಲಿ ಸಿಕ್ಕೇ ಇರಲಿಲ್ಲ. ಉಳಿದ ಬಣ್ಣ ನೋಡಿ ಹಣೆ, ಬೈತಲೆ ತುಂಬಿಸಬಹುದು ಎಂದು ನಾನೇ ಸೂಚಿಸಿದೆ. ಅವರು ಒಪ್ಪಲಿಲ್ಲ. ಇಲ್ಲದ ಭಾಗವನ್ನು ಬಿಳಿಯಾಗಿಯೇ ಬಿಟ್ಟು ಅಚ್ಚು ಹಾಕಿಸಿದರು.

ಗುರುಶಾಂತಮ್ಮ ಆಗ ಸಕಲೇಶಪುರದಲ್ಲಿ ತಮ್ಮನ ಮನೆಯಲ್ಲಿದ್ದರು. ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಆ ಬಿಳಿಯ ಜಾಗ ಮುಟ್ಟಿದರು.

"ಇಲ್ಲಿ ಒಂದು ಮಚ್ಚೆ ಇತ್ತು."

"ಅದು ಸಿಗ್ಲಿಲ್ಲಮ್ಮ. ನಾನು ನೋಡ್ದೇ ಇರೋದನ್ನ ಬರೆಯಕ್ಕಾಗಲ್ಲ."

ಆಕೆ, "ಬ್ಯಾಡ ಬುಡಿ. ಮಚ್ಚೆ ನನಗೆ ಗೊತ್ತೈತೆ" ಎಂದರು. ಕ್ಷಮಿಸಿದೆನೆಂದು ಹೇಳಲಿಲ್ಲ, ಸಿದ್ದಯ್ಯನವರೂ ಕೇಳಲಿಲ್ಲ. ನಾವು ಹೊರಟಾಗ ಬಾಗಿಲವರೆಗೆ ಬಂದು, ಕಾಫಿ ಕುಡಿಯದೆ ಹೋಗುತ್ತಿದ್ದೀರಿ ಎಂದು ನಮ್ಮನ್ನು ಮತ್ತೆ ಒಳಗೆ ಕೂರಿಸಿದರು.

ಅಂದಿನಿಂದ ಸಿದ್ದಯ್ಯನವರ ಕೆಲಸದ ಕ್ರಮ ಬದಲಾಯಿತು. ಯಾವ ಗೋಡೆಯ ಮುಂದೆ ಹೋದರೂ ನಿಂತ ಜಾಗದಿಂದಲೇ, ಎಷ್ಟು ಓರೆಯಾದರೂ ಸರಿ, ಮೊದಲೊಂದು ಚಿತ್ರ ತೆಗೆಸುತ್ತಿದ್ದರು. ಕನ್ನಡಿ, ದೀಪಗಳೆಲ್ಲ ಆಮೇಲೆ. ಹೊಸದಾಗಿ ಸೇರಿದವರಿಗೆ ಕಾರಣ ಗೊತ್ತಿರಲಿಲ್ಲ. ಮೊದಲಿನ ಹಾಗೆ ನಗುವುದನ್ನೂ ಅವರು ಬಿಟ್ಟರು.

ಕಳೆದ ಮಾಘದಲ್ಲಿ ಗುರುಶಾಂತಮ್ಮ ತೀರಿಕೊಂಡರು. ತಿಂಗಳ ನಂತರ ಅವರ ತಮ್ಮನ ಸೊಸೆ ಶಿವಲೀಲಾ ಕೇಂದ್ರಕ್ಕೆ ಬಂದು ಚಿತ್ರ ಹಿಂತಿರುಗಿಸಿದರು. "ಮಾವ ಮೊದ್ಲೇ ಹೋಗ್ಬುಟ್ರು, ಇದು ಯಾರದ್ದು ಅಂತ ಈಗ ಮನೇಲಿ ಯಾರಿಗೂ ಗೊತ್ತಿಲ್ಲ ಸಾರ್. ಹಿಂದೆ ನಿಮ್ಮ ಆಫೀಸಿನ ಸೀಲ್ ಐತೆ, ಅದಕ್ಕೆ ತಂದೆ" ಎಂದರು. ಸಿದ್ದಯ್ಯನವರು ಕುಳಿತಲ್ಲಿಂದ ಎದ್ದು ಎರಡೂ ಕೈಯಿಂದ ಅದನ್ನು ತೆಗೆದುಕೊಂಡರು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದರು: ವಾಣಿ, ಶಿವಯ್ಯ ಮತ್ತು ಗುರುಶಾಂತಮ್ಮನವರ ಮಗಳು, ಹಣೆಯ ಮೇಲೆ ಮಚ್ಚೆ ಇತ್ತು.

ಪೂಜ್ಯರಾದ ಸಿದ್ದಯ್ಯನವರು ನಿವೃತ್ತಿಯ ನಂತರವೂ ಪಾಳ್ಯ, ಆಲೂರು ಸೀಮೆಯ ಗೋಡೆಗಳನ್ನು ಹುಡುಕಿಕೊಂಡು ತಿರುಗುವುದಾಗಿ ಹೇಳಿದ್ದಾರೆ; ಅವರ ಮೊಣಕಾಲು ಅದಕ್ಕೆ ಒದಗಲಿ, ಕಣ್ಣು ಮಂಜಾಗದಿರಲಿ. ಅವರಿಗೆ ದೀರ್ಘಾಯುಸ್ಸು ಕೋರಲು ನನಗೆ ಇನ್ನೊಂದು ಕಾರಣವೂ ಇದೆ. ಆ ಹುಡುಗಿ ಯಾರೆಂದು ಕೇಳಿದರೆ ಹೇಳಬಲ್ಲವರು ಈಗ ನಾವಿಬ್ಬರೇ, ಮತ್ತು ನಾವಿಬ್ಬರೂ ಅವಳನ್ನು ಕಂಡವರಲ್ಲ.