ಅಣವೀರಪ್ಪ ನೋಡಿದ ಪೋರ್ಚುಗೀಸ್ ಕುಸ್ತಿ

ಮುಂಬೈನ ಸಯನ್‌ನಲ್ಲಿ ನಾಲ್ಕು ಮಹಡಿಯ ಒಂದು ಹಳೇ ಬಿಲ್ಡಿಂಗ್ ಇದೆ. ಅದರ ಗೇಟಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ವಾಚ್‌ಮನ್ ಆಗಿರುವ ಅಣವೀರಪ್ಪನನ್ನು ಯಾವ ವಿಷಯ ಬೇಕಾದರೂ ಕೇಳಿ, ಉತ್ತರ ಸಿಗುತ್ತದೆ. ಮೂರನೇ ಮಹಡಿಗೆ ನೀರು ಯಾಕೆ ಏರುತ್ತಿಲ್ಲ, ಯಾವ ಬಸ್ಸು ಧಾರಾವಿ ಮೇಲೆ ಹೋಗುತ್ತದೆ, ಮುಂದಿನ ಚುನಾವಣೆಯಲ್ಲಿ ಗೆಲ್ಲುವವರು ಯಾರು, ಎಲ್ಲಕ್ಕೂ ಉತ್ತರ ಇದೆ. ಸರಿಯೋ ತಪ್ಪೋ ಅದು ಬೇರೆ ಮಾತು. ಅಂಥ ಅಣವೀರಪ್ಪನನ್ನು 2014ರ ಜನವರಿ ತಿಂಗಳು ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತೆ ಮಾಡಿತು.

ಅವನು ಇಂಡಿ ತಾಲೂಕಿನವನು. ಹರೆಯದಲ್ಲಿ ಕುಸ್ತಿ ಆಡಿದವನು. ಅವನ ಊರ ಕಡೆಯ ಕುಸ್ತಿಗೆ ಒಂದು ರಿವಾಜು ಇತ್ತು. ಎದುರಾಳಿಯ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಅಲ್ಲಿಗೆ ಕುಸ್ತಿ ಮುಗಿಯಿತು. ಆದರೆ ತಾಗಿತೋ ಇಲ್ಲವೋ ಹೇಳುವವರು ಯಾರು? ಮಣ್ಣು ಹಾರಿರುತ್ತದೆ, ಪಂಚರ ಕಣ್ಣಿಗೂ ಬಿದ್ದಿರುತ್ತದೆ, ಸೋತ ಊರಿನವರು ಭುಜವಷ್ಟೇ ತಾಗಿತು ಎಂದು ಬೊಬ್ಬೆ ಹಾಕುತ್ತಾರೆ. ಆದ್ದರಿಂದ ಗೆದ್ದವನ ಉಸ್ತಾದ ತಡಮಾಡದೆ ಅಖಾಡಕ್ಕೆ ಓಡಿ ಅವನ ತಲೆಗೆ ಪಟಗ ಸುತ್ತಿಬಿಡಬೇಕು. ಒಮ್ಮೆ ತಲೆಗೆ ಪಟಗ ಏರಿತೆಂದರೆ ಬ್ರಹ್ಮ ಬಂದರೂ ತೀರ್ಪು ತಿರುಗದು. ಅಣವೀರಪ್ಪನ ಉಸ್ತಾದನಿಗೆ ಪಾಪ, ಉಬ್ಬಸ. ಅವನು ಏದುಸಿರು ಬಿಡುತ್ತ ಅಖಾಡ ಮುಟ್ಟುವುದರೊಳಗೆ ಅಣವೀರಪ್ಪನ ಎರಡು ಒಳ್ಳೇ ಗೆಲುವುಗಳು ವಾದದಲ್ಲಿ ಕರಗಿಹೋಗಿದ್ದವು. ಆ ನೋವು ಅವನಿಗೆ ಹೋಗಿರಲಿಲ್ಲ. ಆಮೇಲೆ ಬಲ ಮೊಣಕಾಲು ಮುರಿಯಿತು, ಕುಸ್ತಿ ಬಿಟ್ಟ, ಮುಂಬೈ ಸೇರಿದ. ಕುರ್ಲಾದ ಚಾಳಿನಲ್ಲಿ ಹೆಂಡತಿ ದಾನವ್ವ, ಮಗಳು ಶಿವಕುಮಾರಿಯ ಜೊತೆ ಒಂದು ಖೋಲಿಯ ಸಂಸಾರ.

ಶಿವಕುಮಾರಿ ಹತ್ತು ವರ್ಷದವಳಿದ್ದಾಗ ಘಾಟ್ಕೋಪರ್‌ನ ಒಂದು ಶಾಲೆಯ ಹಾಲಿನಲ್ಲಿ ಸಾವಂತ್ ಎಂಬ ಕೋಚ್ ಜುಡೋ ಕಲಿಸುತ್ತಿದ್ದ. ಅಣವೀರಪ್ಪ ಕಿಟಕಿಯಿಂದ ಇಣುಕಿ ನೋಡಿ, ಇದು ಕೋಟು ಹಾಕಿಕೊಂಡು ಆಡುವ ನಮ್ಮ ಕುಸ್ತಿಯೇ ಎಂದು ತೀರ್ಮಾನಿಸಿ ಮಗಳನ್ನು ಸೇರಿಸಿದ. ಮತ್ತೆ ಇಣುಕಿ ನೋಡುವ ಗೋಜಿಗೆ ಹೋಗಲಿಲ್ಲ. ಅವನ ಡ್ಯೂಟಿಯೂ ಅವಳ ಪಂದ್ಯಗಳೂ ಒಂದೇ ಹೊತ್ತಿಗೆ ಬರುತ್ತಿದ್ದವು. ಗೊತ್ತಿರುವುದನ್ನು ಮತ್ತೆ ನೋಡುವುದೇನು ಎಂಬ ಧಿಮಾಕೂ ಸ್ವಲ್ಪ ಇತ್ತು.

2013ರ ಡಿಸೆಂಬರ್‌ನಲ್ಲಿ, ಈಗ ಹತ್ತೊಂಬತ್ತು ವರ್ಷದವಳಾದ ಶಿವಕುಮಾರಿ ಮನೆಗೆ ಬಂದವಳೇ, ಗೋವಾದಲ್ಲಿ ಇಂಟರ್‌ನ್ಯಾಷನಲ್ ಕ್ರೀಡಾಕೂಟ ನಡೆಯುತ್ತದೆ, ಭಾರತದ ಜುಡೋ ತಂಡದಲ್ಲಿ ತನ್ನ ಹೆಸರಿದೆ ಎಂದಳು. ಹುಡುಗಿಗೆ ಕನ್ನಡ ಅರ್ಥವಾಗುತ್ತದೆ. ಮಾತಿಗೆ ನಿಂತರೆ ಎರಡನೇ ಪದಕ್ಕೇ ಹಿಂದಿ ನುಸುಳುತ್ತದೆ.

"ಯಾವ ಗೇಮ್ಸವ್ವಾ ಇದು? ಏಷ್ಯಾಡ್ ಏನು?" ಅಣವೀರಪ್ಪ ಕೇಳಿದ.

"ನಹೀ ಅಪ್ಪಾ. ಲುಸೊಫೊನಿ ಗೇಮ್ಸ್. ಪೋರ್ಚುಗೀಸ್ ಮಾತಾಡೋ ದೇಶಗೋಳ್ದು. ಬ್ರೆಜಿಲ್, ಅಂಗೋಲಾ, ಮಕಾವ್, ಮೊಜಾಂಬಿಕ್... ಬಹುತ್ ಅದಾವ."

"ಮತ್ತ ನಿನಗ ಪೋರ್ಚುಗೀಸ್ ಎಲ್ಲಿ ಬರ್ತೈತಿ?"

"ನಂಗ ಕನ್ನಡಾನ ಬರಂಗಿಲ್ಲ ಅಂತೀ ನೀ. ಪೋರ್ಚುಗೀಸ್ ಕಹಾಂ ಸೇ ಬರ್ತೈತಿ?"

ದಾನವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದಳು: "ಕುಸ್ತಿ ಹಿಡಿಯೋರು ಬಾಯಿಲೆ ಹಿಡೀತಾರೇನ್ರಿ? ಕೈಲೆ ಹಿಡೀತಾರ. ಸುಮ್ನ ಉಣ್ರಿ."

ಸುಮ್ಮನೆ ಉಣ್ಣುವ ಜಾಯಮಾನ ಅವನದಲ್ಲ. ಮರುದಿನ ಬಿಲ್ಡಿಂಗಿನ ಸೆಕ್ರೆಟರಿ ಶ್ರೀರಾಮ್ ಅವರನ್ನು ಗೇಟಿನಲ್ಲೇ ತಡೆದ. ಅವರು ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದು ರಿಟೈರ್ ಆದವರು.

"ಗೋವಾ ನಾನೂರೈವತ್ತು ವರ್ಷ ಪೋರ್ಚುಗೀಸರ ಕೈಯಲ್ಲಿತ್ತು ಕಣಯ್ಯಾ. ಆ ನಂಟಿನ ಮೇಲೆ ನಮ್ಮನ್ನೂ ಸೇರಿಸ್ಕೊಂಡಿದ್ದಾರೆ," ಎಂದರು ಶ್ರೀರಾಮ್. "ಅಷ್ಟೇಕೆ, ಈ ಮುಂಬೈಯೇ ಅವರದ್ದಾಗಿತ್ತು. ಅವರ ರಾಜಕುಮಾರೀನ ಇಂಗ್ಲಿಷರ ರಾಜನಿಗೆ ಕೊಟ್ಟಾಗ ವರದಕ್ಷಿಣೆ ಅಂತ ಬಿಟ್ಟುಕೊಟ್ರು."

"ಊರಿಗೆ ಊರ ವರದಕ್ಷಿಣಿ ಕೊಟ್ರೇನ್ರಿ ಸಾಹೇಬ್ರ? ಕುರ್ಲಾನೂ?"

"ಕುರ್ಲಾದ್ದು ನಂಗೆ ಗೊತ್ತಿಲ್ಲಪ್ಪ," ಎಂದು ಅವರು ಪೇಪರ್ ಕಂಕುಳಿಗೆ ಸಿಕ್ಕಿಸಿಕೊಂಡು ನಡೆದರು.

ತಿಳಿದುಕೊಳ್ಳಲು ಹೋಗಿ ಅಣವೀರಪ್ಪ ಇನ್ನಷ್ಟು ಗೊಂದಲಕ್ಕೆ ಬಿದ್ದ. ಕನ್ನಡದವರ ಮಗಳು, ಮುಂಬೈನ ಹುಡುಗಿ, ಪೋರ್ಚುಗೀಸರ ಆಟ, ಗೋವಾದ ಊಟ. ತಲೆ ಎಲ್ಲಿ, ಬುಡ ಎಲ್ಲಿ? ಸಾವಂತ್ ಹೇಳಿದ ಒಂದು ಮಾತು ಮಾತ್ರ ಅವನಿಗೆ ಸ್ಪಷ್ಟವಾಗಿ ಅರ್ಥವಾಗಿತ್ತು: ಇಂಟರ್‌ನ್ಯಾಷನಲ್ ಮೆಡಲ್ ಒಂದು ಕೊರಳಿಗೆ ಬಿದ್ದರೆ, ಕಂಚಿನದಾದರೂ ಸೈ, ಸ್ಪೋರ್ಟ್ಸ್ ಕೋಟಾದಲ್ಲಿ ಹುಡುಗಿಯ ನೌಕರಿಯ ಅರ್ಜಿಗೆ ತೂಕ ಬರುತ್ತದೆ. ಅಷ್ಟು ಸಾಕಿತ್ತು. ಮೂರು ದಿನ ರಜೆ ಹಾಕಿದ, ಟ್ರಂಕಿನ ತಳದಲ್ಲಿದ್ದ ಕೆಂಪು ಪಟಗವನ್ನು ಯಾರಿಗೂ ಹೇಳದೆ ಚೀಲಕ್ಕೆ ತುರುಕಿದ, ಜನರಲ್ ಬೋಗಿಯಲ್ಲಿ ನಿಂತುಕೊಂಡೇ ಗೋವಾ ಮುಟ್ಟಿದ.

ಅವನು ಹಾಲಿನೊಳಗೆ ಕೂರುವ ಹೊತ್ತಿಗೆ ಶಿವಕುಮಾರಿ ಒಂದು ಪಂದ್ಯ ಸೋತು, ಒಂದು ಗೆದ್ದು, ಕಂಚಿನ ಪಂದ್ಯಕ್ಕೆ ಬಂದಿದ್ದಳು. ಎದುರಿಗೆ ಮೊಜಾಂಬಿಕ್‌ನ ಹುಡುಗಿ, ಇವಳಿಗಿಂತ ಒಂದು ಗೇಣು ಎತ್ತರ. ಇಬ್ಬರೂ ಕೋಟಿನ ಕೊರಳಪಟ್ಟಿ ಹಿಡಿದು ಜಗ್ಗಾಡಿದರು. ಎರಡು ನಿಮಿಷ ಏನೂ ಆಗಲಿಲ್ಲ. ಇದ್ದಕ್ಕಿದ್ದಂತೆ ಶಿವಕುಮಾರಿ ಒಳಗೆ ನುಗ್ಗಿ ಆಕೆಯನ್ನು ಸೊಂಟದ ಮೇಲೆ ಎತ್ತಿ ಒಗೆದಳು. ಆ ಹುಡುಗಿ ಮಗ್ಗುಲಿಗೆ ಬಿದ್ದಳು. ರೆಫರಿ ಏನೋ ಕೂಗಿದ. ಅಷ್ಟರಲ್ಲಿ ಶಿವಕುಮಾರಿ ಆಕೆಯ ಮೇಲೆ ಅಡ್ಡಬಿದ್ದು, ಕುತ್ತಿಗೆಗೆ ತೋಳು ಹಾಕಿ ಬಿಗಿಯಾಗಿ ಒತ್ತಿ ಹಿಡಿದಳು. ಮೊಜಾಂಬಿಕ್‌ನವಳ ಬೆನ್ನು ಪೂರಾ ಚಾಪೆಗೆ ಅಂಟಿತ್ತು.

ಚಿತ್! ಇನ್ನೇನು ಬೇಕು? ಅಣವೀರಪ್ಪ ಸುತ್ತ ನೋಡಿದ. ಯಾರೂ ಏಳಲಿಲ್ಲ. ಸಾವಂತ್ ಕುರ್ಚಿಯಲ್ಲಿ ಕೂತೇ ಏನೋ ಅರಚುತ್ತಿದ್ದ. ಇವನಿಗೂ ಉಬ್ಬಸವೇ? ಎದುರು ಪಕ್ಷದವರು ಈಗ ಎದ್ದು, ಭುಜವಷ್ಟೇ ತಾಗಿತು ಎಂದು ಪೋರ್ಚುಗೀಸಿನಲ್ಲಿ ವಾದ ಹೂಡಿದರೆ ಉತ್ತರ ಕೊಡುವವರು ಯಾರು? ಹುಟ್ಟುಗುಣ ಸುಟ್ಟರೂ ಹೋಗದು. ಅಣವೀರಪ್ಪ ಚೀಲದಿಂದ ಪಟಗ ಎಳೆದುಕೊಂಡು, ಬೇಲಿಯಂತಿದ್ದ ಹಲಗೆ ದಾಟಿ, ಚಪ್ಪಲಿ ಕಾಲಿನಲ್ಲೇ ಚಾಪೆಯ ಮೇಲೆ ಓಡಿದ.

ನಾಲ್ಕು ಹೆಜ್ಜೆ ಇಟ್ಟನೋ ಇಲ್ಲವೋ, ಇಬ್ಬರು ಗಾರ್ಡುಗಳು ಹಿಂದಿನಿಂದ ಬಂದು ಕಾಲರ್ ಹಿಡಿದರು. ಅವರನ್ನು ದೂರುವಂತಿಲ್ಲ, ಗೇಟು ಕಾಯುವವನು ಮಾಡಬೇಕಾದ್ದೇ ಅದು. ಜಗ್ಗಾಟದಲ್ಲಿ ಅಣವೀರಪ್ಪ ಮುಗ್ಗರಿಸಿದ. ಅವರು ಅವನನ್ನು ಎಬ್ಬಿಸಿ, ಎಳೆದುಕೊಂಡು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದರು. ಒಬ್ಬ ಕುಡಿಯಲು ನೀರನ್ನೂ ಕೊಟ್ಟ. ಒಂದು ನಿಮಿಷದಲ್ಲಿ ಒಳಗಿನಿಂದ ದೊಡ್ಡ ಚಪ್ಪಾಳೆ ಕೇಳಿಸಿತು. ಮಗಳಿಗೇ ಎಂದುಕೊಂಡು ಅಣವೀರಪ್ಪ ಮೆಟ್ಟಿಲ ಮೇಲೆ ಕೂತೇ ಗಾರ್ಡುಗಳಿಗೆ ಕೈ ಮುಗಿದ.

ಸ್ವಲ್ಪ ಹೊತ್ತಿಗೆ ಮೊಜಾಂಬಿಕ್‌ನ ಹುಡುಗಿ ನಗುತ್ತ, ಅಳುತ್ತ, ತನ್ನವರ ತೋಳಿನಲ್ಲಿ ಹೊರಬಂದಳು. ಹಿಂದೆ ಶಿವಕುಮಾರಿ.

"ಸೋತೆ ಅಪ್ಪಾ. ಆಕಿ ಛಲೋ ಆಡಿದ್ಲು."

"ಆಕಿ ಚಿತ್ ಆಗಿದ್ಲಲ್ಲ!"

"ಇದ್ರಾಗ ಐಸಾ ನಹೀ ಹೋತಾ. ಚಲ್, ಚಾ ಕುಡಿಯೋಣ," ಎಂದಳು. ಮುಂಬೈ ಮುಟ್ಟುವವರೆಗೂ ಆ ವಿಷಯಕ್ಕೆ ಬಾಯಿ ಬಿಡಲಿಲ್ಲ.

ಬೆನ್ನು ನೆಲಕ್ಕೆ ಅಂಟಿದವಳು ಗೆದ್ದಳು, ಅಂಟಿಸಿದವಳು ಸೋತಳು. ಜಗತ್ತಿನ ಯಾವ ಕುಸ್ತಿಯಲ್ಲಿ ಉಂಟು ಇದು? ಅಣವೀರಪ್ಪನಿಗೆ ಊಟ ಸೇರಲಿಲ್ಲ. ತಾನು ಒಳಗೆ ನುಗ್ಗಿದ್ದರಿಂದಲೇ ಏನಾದರೂ ಆಯಿತೇ ಎಂಬ ಹುಳ ಒಂದು ಕಡೆ ಕೊರೆಯುತ್ತಿತ್ತು. ಆ ಹುಳವನ್ನು ಅದುಮಲು ಅವನು ಮೋಸದ ಕಥೆ ಕಟ್ಟಿದ. ಉಳಿದವರೆಲ್ಲ ಪೋರ್ಚುಗೀಸ್ ಬಲ್ಲವರು, ತಮ್ಮತಮ್ಮಲ್ಲಿ ಮಾತಾಡಿಕೊಂಡು ಭಾಷೆ ಬಾರದ ಹುಡುಗಿಯನ್ನು ಸೋಲಿಸಿದರು ಎಂದು ಗೇಟಿಗೆ ಬಂದ ಹಾಲಿನವನಿಗೂ ಹೇಳಿದ, ಕೊರಿಯರ್‌ನವನಿಗೂ ಹೇಳಿದ. ಶ್ರೀರಾಮ್ ಅವರಿಗೆ ಹೇಳಿದಾಗ ಅವರು ನಕ್ಕುಬಿಟ್ಟರು.

"ಜುಡೋದಲ್ಲಿ ರೆಫರಿ ಕೂಗೋದು ಜಪಾನಿ ಮಾತಲ್ಲಿ ಕಣಯ್ಯಾ. ಪೋರ್ಚುಗೀಸಿಗೂ ಅದಕ್ಕೂ ಏನು ಸಂಬಂಧ?"

ಈಗ ಜಪಾನಿನವರೂ ಬಂದರು. ಅಣವೀರಪ್ಪ ಆ ದಿನ ಡ್ಯೂಟಿ ಮುಗಿಸಿ ಮನೆಗೆ ಹೋಗದೆ ನೆಟ್ಟಗೆ ಘಾಟ್ಕೋಪರ್‌ಗೆ ಹೋಗಿ ಸಾವಂತ್ ಎದುರು ನಿಂತ. ತನಗೆ ಬರುವ ಮರಾಠಿ, ಹಿಂದಿ ಎಲ್ಲ ಸೇರಿಸಿ ಒಂದೇ ಪ್ರಶ್ನೆ ಕೇಳಿದ: ನನ್ನ ಮಗಳು ಸೋತದ್ದು ಹೇಗೆ?

ಸಾವಂತ್ ತಲೆ ಕೆರೆದುಕೊಂಡ. ನಿಮಗೆ ಹೇಳಬಾರದು ಎಂದು ಶಿವಕುಮಾರಿ ಆಣೆ ಹಾಕಿಸಿಕೊಂಡಿದ್ದಾಳೆ ಎಂದ. ಅಣವೀರಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಆಣೆ ಹಾಕಿದ್ದು ಹೇಳಬಾರದೆಂದು, ತೋರಿಸಬಾರದೆಂದಲ್ಲವಲ್ಲ ಎಂದುಕೊಂಡು ಸಾವಂತ್ ಮೊಬೈಲ್ ತೆಗೆದ. ತಂಡದ ಯಾರೋ ಪಂದ್ಯದ ವಿಡಿಯೊ ಹಿಡಿದಿದ್ದರು.

ಮೊದಲು ಲೆಕ್ಕ ತಿಳಿಸಿದ. ಮಗ್ಗುಲಿಗೆ ಬೀಳುವಂತೆ ಒಗೆದದ್ದಕ್ಕೆ ಶಿವಕುಮಾರಿಗೆ ಅರ್ಧ ಗೆಲುವು ಸಿಕ್ಕಿತ್ತು. ಆಮೇಲೆ ಹದಿನೈದು ಸೆಕೆಂಡು ಒತ್ತಿ ಹಿಡಿದರೆ ಇನ್ನರ್ಧ ಗೆಲುವು. ಎರಡು ಅರ್ಧ ಸೇರಿದರೆ ಪಂದ್ಯ ಮುಗಿಯಿತು, ಮೆಡಲ್ ಅವಳದು.

ಅಣವೀರಪ್ಪ ಮೊಬೈಲನ್ನು ಮೂಗಿನ ಹತ್ತಿರ ಹಿಡಿದುಕೊಂಡು ನೋಡಿದ. ಒಂಬತ್ತನೇ ಸೆಕೆಂಡಿಗೆ ಒಂದು ಮೂಲೆಯಿಂದ ಅವನೇ ಕೆಂಪು ಬಟ್ಟೆ ಬೀಸುತ್ತ ಓಡಿಬಂದ. ನೋಡಲು ಬಲು ಅಸಹ್ಯವಾಗಿತ್ತು. ಗಾರ್ಡುಗಳು ಹಿಡಿದರು, ಅವನು ಬಿದ್ದ. ರೆಫರಿ ಇವನ ಕಡೆ ತಿರುಗಿಯೂ ಇರಲಿಲ್ಲ. ಬಗ್ಗಿ, ಕೈ ಮುಂದೆ ಚಾಚಿಕೊಂಡೇ ನಿಂತಿದ್ದ. ಹಿಡಿತ ನಡೆಯುತ್ತಿದೆ ಎಂಬುದಕ್ಕೆ ಅದೇ ಗುರುತು ಎಂದ ಸಾವಂತ್. ಆ ಗುರುತು ಹಾಗೇ ಇತ್ತು, ಗಡಿಯಾರವೂ ಓಡುತ್ತಿತ್ತು. ಹನ್ನೆರಡನೇ ಸೆಕೆಂಡಿಗೆ ಶಿವಕುಮಾರಿ ಮುಖ ಎತ್ತಿ ಮೂಲೆಯ ಕಡೆ ನೋಡಿದಳು. ತೋಳು ತೆಗೆದಳು. ಮೊಜಾಂಬಿಕ್‌ನವಳು ಮೀನಿನಂತೆ ಜಾರಿ ಎದ್ದಳು. ಆಮೇಲೆ ರೆಫರಿ ನಿಲ್ಲಿಸಿದ, ಮತ್ತೆ ಶುರು ಮಾಡಿಸಿದ, ಒಂದು ನಿಮಿಷದೊಳಗೆ ಆ ಹುಡುಗಿ ಶಿವಕುಮಾರಿಯನ್ನು ಅಂಗಾತ ಕೆಡವಿದಳು. ಒಗೆದ ಹೊಡೆತಕ್ಕೇ ಬೆನ್ನು ತಾಗಿದರೆ ಪೂರಾ ಗೆಲುವು ಎಂದ ಸಾವಂತ್.

ಅಣವೀರಪ್ಪ ನಾಲ್ಕು ಸಲ ನೋಡಿದ. ಪಂದ್ಯ ನಿಲ್ಲಿಸಿದ್ದು ಅವನಲ್ಲ, ರೆಫರಿಯೂ ಅಲ್ಲ, ಪೋರ್ಚುಗೀಸರೂ ಅಲ್ಲ. ಹಿಡಿತ ಬಿಟ್ಟವಳು ಅವಳೇ. ಇದರಿಂದ ಎದೆ ಹಗುರಾಗಬೇಕಿತ್ತು, ಆಗಲಿಲ್ಲ.

ಲೋಕಲ್ ಹಿಡಿದು ಕುರ್ಲಾಕ್ಕೆ ಬಂದಾಗ ಚಾಳಿಗೆ ನೀರು ಬರುವ ಹೊತ್ತು. ದಾನವ್ವ ಕೊಡ ಹಿಡಿದು ನಲ್ಲಿಗೆ ಹೋಗಿದ್ದಳು. ಶಿವಕುಮಾರಿ ಬಾಗಿಲ ಹೊರಗಿನ ಹಗ್ಗಕ್ಕೆ ಜುಡೋ ಕೋಟು ಒಣಹಾಕುತ್ತಿದ್ದಳು.

"ಯಾಕ ಬಿಟ್ಟಿ?" ಎಂದ ಅಣವೀರಪ್ಪ.

ಅವಳು ತಿರುಗಲಿಲ್ಲ. "ಸರ್ ನೇ ವಿಡಿಯೊ ದಿಖಾಯಾ?"

"ಇನ್ನ ಮೂರು ಸೆಕೆಂಡ್ ಇತ್ತು. ಮೂರು ಎಣಿಸೂತನಾ ಹಿಡ್ಯಾಕ ಆಗಲಿಲ್ಲೇನು?"

"ಅವ್ರು ನಿನ್ನ ಕಾಲರ್ ಹಿಡಿದಿದ್ರು."

"ಹಿಡೀಲಿ! ತಪ್ಪು ನಂದು. ನನ್ನ ಗೇಟಿನ್ಯಾಗ ಯಾರರ ಹಂಗ ನುಗ್ಗಿದ್ರ ನಾನೂ ಹಿಡೀತೀನಿ."

"ನೀ ಬಿದ್ದಿ ಅಪ್ಪಾ. ಅದೇ ಮೊಣಕಾಲ ಮ್ಯಾಲ ಬಿದ್ದಿ. ಮೈನೇ ದೇಖಾ."

ಅಣವೀರಪ್ಪ ಬಲ ಮೊಣಕಾಲನ್ನು ಅಂಗೈಯಿಂದ ಮುಚ್ಚಿಕೊಂಡ. "ನನ್ನ ಸಲುವಾಗಿ ನಿನ್ನ ಮೆಡಲ್ ಹೋತಲ್ಲವ್ವಾ," ಎಂದ. ಆಮೇಲೆ ಸಿಟ್ಟು ತಂದುಕೊಂಡು ದನಿ ಎತ್ತರಿಸಿದ. "ಕೇಳಿಲ್ಲೆ. ಮುಂದಿನ ಸಲ ನನ್ನ ಯಾರರ ಕಡಿದು ಹಾಕಲಿ, ನೀ ಹಿಡಿದಿದ್ದು ಬಿಡಬ್ಯಾಡ. ತಿಳೀತಿಲ್ಲೋ?"

"ಬಿಡ್ತೀನಿ," ಎಂದಳು ಶಿವಕುಮಾರಿ.

"ಬಿಡಬ್ಯಾಡ ಅಂದ್ನೆಲ್ಲ!"

"ಬಿಡ್ತೀನಿ ಅಪ್ಪಾ."

ಎದುರು ಖೋಲಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಇಂಥ ಮಾತಿಗೆ ಅವಳ ಕೆನ್ನೆಗೆ ಒಂದು ಕೊಡಬೇಕೋ, ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕೋ ಅಣವೀರಪ್ಪನಿಗೆ ಗೊತ್ತಾಗಲಿಲ್ಲ. ಎತ್ತಿದ ಕೈ ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ಅದೇ ಕೈಯಿಂದ ಒದ್ದೆ ಕೋಟಿನ ಇನ್ನೊಂದು ತುದಿ ಹಿಡಿದು, ಮುಖ ಅದರ ಹಿಂದೆ ಮರೆಮಾಡಿಕೊಂಡು ಅತ್ತುಬಿಟ್ಟ.